ಹೊಸ ಒಡಂಬಡಿಕೆ ಮತ್ತು ಇಸ್ರಯೇಲ್: ಹಳೆಯದು ರದ್ದಾಯಿತೇ?

ಬೆಳಗಾವಿ ನಗರದ ಖಾಸಬಾಗ ನೇಕಾರರು ನೆಲೆಸಿರುವ ಬಡಾವಣೆ. ಆ ಭಾಗದ ಧರ್ಮೋಪದೇಶ ಶಿಕ್ಷಕಿಯೊಬ್ಬರು ನಮ್ಮನ್ನು ಹೀಗೆ ಕೇಳಿದರು: "ಹೊಸಾ ಕರಾರು ಆತಂದ್ರ ಹಳೀ ಕರಾರು ರದ್ದಾಕ್ಕೈತಲ್ರೀ ಫಾದರ್? ಹಂಗಾದ್ರ ಯೆಹೂದ್ಯರ ಜೋಡಿ ದೇವರು ಮಾಡಿದ್ದು ಮುಗೀತೇನ್ರಿ?" ಪ್ರಶ್ನೆ ಸಣ್ಣದಲ್ಲ. ಸುಮಾರು ಎರಡು ಸಾವಿರ ವರ್ಷಗಳಿಂದ ಕ್ರೈಸ್ತರು ಚರ್ಚಿಸುತ್ತ ಬಂದಿರುವ ಪ್ರಶ್ನೆಯೇ ಇದು. ಧರ್ಮಸಭೆಯ ಬೋಧನೆ ಏನು, ಇನ್ನೂ ಚರ್ಚೆಯಲ್ಲಿರುವುದು ಏನು ಎಂಬುದನ್ನು ಇಲ್ಲಿ ಸಂಕ್ಷಿಪ್ತವಾಗಿ ಕೊಡುತ್ತಿದ್ದೇವೆ.

ಪದದ ಗೊಂದಲ

ಗೊಂದಲದ ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ 'ಹಳೆಯ ಒಡಂಬಡಿಕೆ' ಎಂದರೆ ಶ್ರೀಗ್ರಂಥದ ಮೊದಲ ಭಾಗವೂ ಹೌದು, ದೇವರು ಇಸ್ರಯೇಲರೊಂದಿಗೆ ಮಾಡಿಕೊಂಡ ಸಂಬಂಧವೂ ಹೌದು. ಬೆಳಗಾವಿ, ಖಾನಾಪುರದ ಮರಾಠಿ ಕ್ರೈಸ್ತರ ಬಾಯಲ್ಲಿ ಅದು 'ಜುನಾ ಕರಾರ'. ಕರಾರು ಎಂದೊಡನೆ ನಮಗೆ ಮನೆ ಬಾಡಿಗೆಯ ಪತ್ರ ನೆನಪಾಗುತ್ತದೆ. ಹೊಸದಕ್ಕೆ ಸಹಿ ಬಿದ್ದರೆ ಹಳೆಯದು ಕಸ. ಆದರೆ ಹೀಬ್ರೂ ಭಾಷೆಯ 'ಬೆರೀತ್' ಇಂಥ ವ್ಯವಹಾರದ ಕಾಗದವಲ್ಲ. ದೇವರು ತಾವಾಗಿ ಒಂದು ಜನಾಂಗವನ್ನು ತಮ್ಮದಾಗಿಸಿಕೊಂಡು ಮಾತು ಕೊಡುವ ಬಾಂಧವ್ಯ ಅದು.

ಶ್ರೀಗ್ರಂಥ ಏನು ಹೇಳುತ್ತದೆ?

'ಹೊಸ ಒಡಂಬಡಿಕೆ' ಎಂಬ ಮಾತು ಮೊದಲು ಬರುವುದು ಹಳೆಯ ಒಡಂಬಡಿಕೆಯಲ್ಲೇ (ಯೆರೆಮೀಯ 31:31-34). ಪ್ರವಾದಿ ಅದನ್ನು ಇಸ್ರಯೇಲ್ ಮತ್ತು ಯೆಹೂದ ಮನೆತನಗಳಿಗೇ ವಾಗ್ದಾನ ಮಾಡುತ್ತಾರೆ. ಸೂರ್ಯಚಂದ್ರರ ನಿಯಮ ಇರುವವರೆಗೂ ಇಸ್ರಯೇಲ್ ಸಂತತಿ ಉಳಿಯುವುದೆಂದು ಮುಂದಿನ ವಚನಗಳು ಸಾರುತ್ತವೆ. ಕಡೆಯ ಭೋಜನದಲ್ಲಿ ಪ್ರಭು ಯೇಸು ಪಾನಪಾತ್ರೆಯನ್ನು ಹೊಸ ಒಡಂಬಡಿಕೆಯೆಂದು ಕರೆದರು (ಲೂಕ 22:20). ಆ ಮೇಜಿನ ಸುತ್ತ ಕುಳಿತ ಪ್ರೇಷಿತರೆಲ್ಲರೂ ಯೆಹೂದ್ಯರೇ.

ಚರ್ಚೆ ಎರಡು ಪತ್ರಗಳ ನಡುವೆ ಹುಟ್ಟುತ್ತದೆ. ಹಿಬ್ರಿಯರಿಗೆ ಬರೆದ ಪತ್ರ (8:13) ಮೊದಲನೆಯದು ಹಳತಾಗಿ ಅಳಿವಿಗೆ ಹತ್ತಿರವಾಗಿದೆ ಎನ್ನುತ್ತದೆ. ಸಂತ ಪೌಲರಾದರೋ ದೇವರ ವರದಾನಗಳೂ ಕರೆಯೂ ಹಿಂತೆಗೆದುಕೊಳ್ಳುವಂಥವಲ್ಲ ಎನ್ನುತ್ತಾರೆ (ರೋಮ 11:29). ಅನ್ಯಜನರಿಂದ ಬಂದ ಕ್ರೈಸ್ತರು ಓಲಿವ್ ಮರಕ್ಕೆ ಕಸಿಕಟ್ಟಿದ ಕೊಂಬೆಗಳು. ಬೇರು ಕೊಂಬೆಯನ್ನು ಹೊರುತ್ತದೆ, ಕೊಂಬೆ ಬೇರನ್ನಲ್ಲ ಎಂಬುದು ಅವರ ಎಚ್ಚರಿಕೆ. ಮೊದಲ ಪತ್ರವು ಮುಖ್ಯವಾಗಿ ಯಾಜಕತ್ವ ಮತ್ತು ಬಲಿಗಳ ಕುರಿತು ಮಾತನಾಡಿದರೆ, ಎರಡನೆಯದು ಆ ಜನಾಂಗದ ಕುರಿತು ಮಾತನಾಡುತ್ತದೆ. ಈ ವ್ಯತ್ಯಾಸ ಮರೆತಾಗಲೇ ತಪ್ಪಾಗುತ್ತದೆ.

ಎರಡು ತಪ್ಪು ದಾರಿಗಳು

ಮೊದಲನೆಯದು ಮಾರ್ಸಿಯೋನನದು. ಹಳೆಯ ಒಡಂಬಡಿಕೆಯ ದೇವರೇ ಬೇರೆ ಎಂದ ಆತನನ್ನು ರೋಮ್ ಸಭೆ ಕ್ರಿ.ಶ. 144ರ ಸುಮಾರಿಗೆ ಹೊರಹಾಕಿತು. ಎರಡನೆಯದು ಹೆಚ್ಚು ಕಾಲ ಬಾಳಿತು: ಇಸ್ರಯೇಲಿನ ಜಾಗವನ್ನು ಧರ್ಮಸಭೆ ಪೂರ್ತಿಯಾಗಿ ಆಕ್ರಮಿಸಿತು, ಯೆಹೂದ್ಯರು ದೇವರಿಂದ ತಿರಸ್ಕೃತರು ಎಂಬ ವಿಚಾರ. ಇದು ಪುಸ್ತಕದಲ್ಲೇ ಉಳಿಯಲಿಲ್ಲ.

ನಮ್ಮ ಘಟ್ಟದ ಕೆಳಗಿನ ಗೋವೆಯನ್ನೇ ನೋಡಿ. ಅಲ್ಲಿ 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ನ್ಯಾಯಾಲಯ ಆರಂಭದಲ್ಲಿ ಕಣ್ಣಿಟ್ಟಿದ್ದು ಯೆಹೂದ್ಯ ಮೂಲದ 'ಹೊಸ ಕ್ರೈಸ್ತರ' ಮೇಲೆ. ಭಾರತದ ಗಿಡಮೂಲಿಕೆಗಳ ಕುರಿತು 1563ರಲ್ಲಿ ಗೋವೆಯಲ್ಲೇ ಗ್ರಂಥ ಪ್ರಕಟಿಸಿದ ವೈದ್ಯ ಗಾರ್ಸಿಯಾ ದ ಓರ್ತಾ 1568ರಲ್ಲಿ ತೀರಿಕೊಂಡರು. ಮರುವರ್ಷ ಅವರ ಸಹೋದರಿ ಕತರೀನಾಳನ್ನು ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸಿದ ಆರೋಪದ ಮೇಲೆ ಸುಡಲಾಯಿತು. 1580ರಲ್ಲಿ ಓರ್ತಾ ಅವರ ಅಸ್ಥಿಗಳನ್ನೂ ಸಮಾಧಿಯಿಂದ ತೆಗೆದು ಸುಟ್ಟರು. ಆ ನ್ಯಾಯಾಲಯ ಕೊನೆಗೆ ಮುಚ್ಚಿದ್ದು 1812ರಲ್ಲಿ. 1953ರಲ್ಲಿ ರಚನೆಯಾದ ಬೆಳಗಾವಿ ಧರ್ಮಕ್ಷೇತ್ರದ ಒಂದು ಭಾಗ ಅದಕ್ಕೂ ಮುನ್ನ ಗೋವಾ ಮಹಾಧರ್ಮಕ್ಷೇತ್ರಕ್ಕೇ ಸೇರಿತ್ತು. ಹಾಗಾಗಿ ಇದು ದೂರದ ಯೂರೋಪಿನ ಕಥೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಮಹಾಸಭೆಯ ನಂತರ

ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು 'ನೊಸ್ತ್ರ ಎತಾತೆ' ಘೋಷಣೆಯನ್ನು ಹೊರಡಿಸಿತು. ಪರವಾಗಿ 2,221 ಮತಗಳು, ವಿರುದ್ಧ 88. ಕ್ರಿಸ್ತರ ಮರಣಕ್ಕೆ ಅಂದಿನ ಯೆಹೂದ್ಯರೆಲ್ಲರನ್ನಾಗಲಿ, ಇಂದಿನವರನ್ನಾಗಲಿ ಹೊಣೆ ಮಾಡಬಾರದು, ಅವರನ್ನು ಶಾಪಗ್ರಸ್ತರೆಂದು ಬೋಧಿಸಬಾರದು ಎಂದು ಅದು ಸ್ಪಷ್ಟಪಡಿಸಿತು. 1980ರ ನವೆಂಬರ್ 17ರಂದು ಜರ್ಮನಿಯ ಮೈಂಜ್‌ನಲ್ಲಿ ಜಗದ್ಗುರು ಸಂತ ಎರಡನೇ ಜಾನ್ ಪೌಲರು, ದೇವರು ಆ ಒಡಂಬಡಿಕೆಯನ್ನು ಎಂದೂ ರದ್ದುಪಡಿಸಿಲ್ಲ ಎಂದರು. 1992ರ ಧರ್ಮೋಪದೇಶ ಗ್ರಂಥದ 121ನೇ ಕ್ರಮಾಂಕದಲ್ಲೂ ಇದೇ ಬೋಧನೆಯಿದೆ. ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರ ಕುರಿತ ಕಟು ವಿಶೇಷಣ 1959ರಲ್ಲೇ ಹೋಗಿತ್ತು. 1970ರ ಪೂಜಾಗ್ರಂಥದಲ್ಲಿ ನಾವು ಅವರು ಒಡಂಬಡಿಕೆಗೆ ನಿಷ್ಠರಾಗಿ ಮುಂದುವರಿಯಲೆಂದು ಪ್ರಾರ್ಥಿಸುತ್ತೇವೆ.

ಇನ್ನೂ ಉಳಿದ ಚರ್ಚೆ

ಹಾಗಾದರೆ ಯೆಹೂದ್ಯರಿಗೆ ಒಂದು ದಾರಿ, ಉಳಿದವರಿಗೆ ಕ್ರಿಸ್ತರ ದಾರಿಯೇ? 2002ರಲ್ಲಿ ಅಮೆರಿಕದ ಕಥೋಲಿಕ ಮತ್ತು ಯೆಹೂದ್ಯ ಪ್ರತಿನಿಧಿಗಳ ದಾಖಲೆಯೊಂದು ಈ ದಿಕ್ಕಿನತ್ತ ವಾಲಿತೆಂದು ಕಾರ್ಡಿನಲ್ ಏವರಿ ಡಲ್ಲಸ್ ಹಿಬ್ರಿಯರ ಪತ್ರವನ್ನು ಮುಂದಿಟ್ಟು ಆಕ್ಷೇಪಿಸಿದರು. 2009ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ಆ ದಾಖಲೆಗೆ ಸ್ಪಷ್ಟೀಕರಣ ಕೊಡಬೇಕಾಯಿತು. 2015ರ ಡಿಸೆಂಬರ್ 10ರ ವ್ಯಾಟಿಕನ್ ದಾಖಲೆ ಮೂರು ಮಾತುಗಳನ್ನು ಒಟ್ಟಿಗೆ ಹೇಳಿತು: ದೇವರು ಇಸ್ರಯೇಲನ್ನು ಕೈಬಿಟ್ಟಿಲ್ಲ, ರಕ್ಷಣೆಗೆ ಎರಡು ಸಮಾನಾಂತರ ದಾರಿಗಳಿಲ್ಲ, ಕ್ರಿಸ್ತರೇ ಎಲ್ಲರ ರಕ್ಷಕರು, ಇವೆರಡೂ ಹೇಗೆ ಕೂಡಿಬರುತ್ತವೆ ಎಂಬುದು ದೇವರ ರಹಸ್ಯ. ಯೆಹೂದ್ಯರನ್ನೇ ಗುರಿಯಾಗಿಸಿದ ಸಾಂಸ್ಥಿಕ ಮತಪ್ರಚಾರವನ್ನು ಕಥೋಲಿಕ ಸಭೆ ನಡೆಸುವುದಿಲ್ಲ ಎಂದೂ ಅದು ತಿಳಿಸಿತು.

ಇನ್ನೊಂದು ಮಾತು. ಇಲ್ಲಿ ಇಸ್ರಯೇಲ್ ಎಂದರೆ ಒಡಂಬಡಿಕೆಯ ಜನಾಂಗ. 1948ರಲ್ಲಿ ಸ್ಥಾಪನೆಯಾದ ಇಸ್ರೇಲ್ ರಾಷ್ಟ್ರವನ್ನು ಅಂತರರಾಷ್ಟ್ರೀಯ ಕಾನೂನಿನ ಸಾಮಾನ್ಯ ತತ್ವಗಳ ಬೆಳಕಿನಲ್ಲಿ ನೋಡಬೇಕೆಂದು ವ್ಯಾಟಿಕನ್ನಿನ 1985ರ ಸೂಚನೆಗಳು ಹೇಳುತ್ತವೆ. ಅಲ್ಲಿನ ಯುದ್ಧಗಳನ್ನು ಪ್ರವಾದನೆಯ ನೆರವೇರಿಕೆ ಎಂದು ಪ್ರಸಂಗ ಮಾಡುವವರ ಮಾತಿಗೆ ಮರುಳಾಗಬಾರದು.

ಧರ್ಮೋಪದೇಶ ಶಿಕ್ಷಕರಿಗೆ

1. 'ಹಳೆಯದು' ಎಂದರೆ 'ಮೊದಲನೆಯದು' ಎಂದು ವಿವರಿಸಿ.
2. ಯೇಸು, ಮಾತೆ ಮರಿಯ, ಪ್ರೇಷಿತರು ಯೆಹೂದ್ಯರು ಎಂಬುದನ್ನು ಮಕ್ಕಳಿಗೆ ಮರೆಯದೆ ತಿಳಿಸಿ.
3. ಶ್ರಮೆಯ ಕಥೆ ಹೇಳುವಾಗ 'ಯೆಹೂದ್ಯರು ಕೊಂದರು' ಎಂದು ಸಾರಾಸಗಟಾಗಿ ಹೇಳಬೇಡಿ.
4. ಪಾಸ್ಖ ಜಾಗರಣೆಯ ವಾಚನಗಳನ್ನು ಕಡಿಮೆ ಮಾಡಿದರೂ ವಿಮೋಚನಕಾಂಡದ 14ನೇ ಅಧ್ಯಾಯವನ್ನು ಬಿಡುವಂತಿಲ್ಲ. ಏಕೆಂದು ಮಕ್ಕಳನ್ನೇ ಕೇಳಿ.

ಆ ಶಿಕ್ಷಕಿಗೆ ನಾವು ಕೊಟ್ಟ ಉತ್ತರ ಅವರ ಓಣಿಯಿಂದಲೇ ಬಂತು. ಮಗ್ಗದಲ್ಲಿ ಮೊದಲು ಹಾಸು, ಆಮೇಲೆ ಹೊಕ್ಕು. ಹೊಕ್ಕು ಬಂತೆಂದು ಹಾಸನ್ನು ಕತ್ತರಿಸುವ ನೇಕಾರನಿಲ್ಲ. ಕತ್ತರಿಸಿದರೆ ಸೀರೆಯೇ ಇಲ್ಲ. ಅಂದು ಕೊಟ್ಟ ಮಾತನ್ನು ದೇವರು ಮುರಿಯುವವರಾದರೆ, ನಮಗೆ ಕೊಟ್ಟ ಮಾತನ್ನು ನಂಬುವುದಾದರೂ ಹೇಗೆ? ಇಸ್ರಯೇಲಿಗೆ ದೇವರು ತೋರಿದ ನಿಷ್ಠೆಯೇ ನಮ್ಮ ಭರವಸೆಗೂ ಆಧಾರ.