ಸಂಬಳವಿಲ್ಲದ ಭಾನುವಾರ

1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಕಾರ್ಖಾನೆ ಆಯೋಗಕ್ಕೆ ಒಂದು ಮನವಿ ಕೊಟ್ಟರು. ಸಹಿ ಹಾಕಿದವರು ಸುಮಾರು 5,500 ಮಂದಿ. ಕೇಳಿದ್ದು ಹೆಚ್ಚೇನಲ್ಲ: ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಿಗ್ಗೆ ಆರೂವರೆಯಿಂದ ಹೊತ್ತು ಮುಳುಗುವ ತನಕ ಮಾತ್ರ ಕೆಲಸ, ಹಿಂದಿನ ತಿಂಗಳ ಸಂಬಳ 15ನೇ ತಾರೀಖಿನೊಳಗೆ. ಇದರ ಹಿಂದಿದ್ದವರು ನಾರಾಯಣ ಮೇಘಾಜಿ ಲೋಖಂಡೆ; ಜ್ಯೋತಿಬಾ ಫುಲೆಯವರ ಒಡನಾಡಿ, ‘ದೀನಬಂಧು’ ಪತ್ರಿಕೆಯ ಸಂಪಾದಕ.

ಆಗ ಯಂತ್ರ ನಿಂತ ದಿನವೂ ಆಳಿಗೆ ಬಿಡುವಿರಲಿಲ್ಲ. ಅದನ್ನು ಒರೆಸಿ, ಎಣ್ಣೆ ಹಾಕಲು ಅರ್ಧ ದಿನ ಬರಲೇಬೇಕಿತ್ತು. ಭಾನುವಾರವೆಂದರೆ ಸಾಹೇಬರ ಚರ್ಚಿನ ದಿನವಷ್ಟೇ ಎಂದುಕೊಳ್ಳಬೇಕಿಲ್ಲ. ಖಂಡೋಬನ, ಅಂದರೆ ನಮ್ಮ ಮೈಲಾರಲಿಂಗನ, ವಾರವೂ ಅದೇ. 1890ರ ಏಪ್ರಿಲ್ 24ರ ಕಾರ್ಮಿಕರ ಸಭೆಗೆ ಹತ್ತು ಸಾವಿರ ಜನ ಸೇರಿದರು, ಇಬ್ಬರು ಹೆಂಗಸರೂ ಮಾತಾಡಿದರು. ಜೂನ್ 10ರಂದು ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷ ಕಾರ್ಖಾನೆ ಕಾಯ್ದೆಯಲ್ಲೂ ವಾರದ ರಜೆ ಬಂತು.

ರಜೆ ಬಂತು, ಸಂಬಳ ಬರಲಿಲ್ಲ. ದಿನಗೂಲಿಯವನಿಗೆ ರಜೆಯೆಂದರೆ ಒಂದು ದಿನದ ಅನ್ನ ಖೋತಾ. ಸಂಬಳಸಹಿತ ರಜೆ ಕಾರ್ಖಾನೆ ಕಾಯ್ದೆಯೊಳಗೆ ಬಂದದ್ದು 1945ರ ತಿದ್ದುಪಡಿಯಲ್ಲಿ, ಅದೂ ವರ್ಷವಿಡೀ ದುಡಿದವರಿಗೆ ಹತ್ತು ದಿನ. ವೈಸ್‌ರಾಯ್ ಮಂಡಳಿಯಲ್ಲಿ ಆಗ ಕಾರ್ಮಿಕ ಖಾತೆ ನೋಡುತ್ತಿದ್ದವರು ಅಂಬೇಡ್ಕರ್.

1948ರ ಕಾಯ್ದೆ, ಮುಂದಿನ ತಿದ್ದುಪಡಿಯೊಂದಿಗೆ, ಲೆಕ್ಕವನ್ನು ಬದಲಿಸಿತು: ವರ್ಷದಲ್ಲಿ 240 ದಿನ ಕೆಲಸ ಮಾಡಿದರೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಮರುವರ್ಷ ರಜೆ. ಹೆರಿಗೆ ರಜೆಯೂ ಒಂದು ಮಿತಿಯೊಳಗೆ 240ಕ್ಕೆ ಸೇರುತ್ತಿತ್ತು, ಆದರೆ ಅದರ ಮೇಲೆ ಹೊಸ ರಜೆ ಹುಟ್ಟುತ್ತಿರಲಿಲ್ಲ. ಇಂಥ ಸೂಕ್ಷ್ಮದಲ್ಲಿ ಕಾಯ್ದೆ ಬರೆಯುವವರು ಶಾನುಭೋಗರನ್ನೂ ಮೀರಿಸುತ್ತಾರೆ. 2020ರ ಕಾರ್ಮಿಕ ಸಂಹಿತೆ 240ನ್ನು 180ಕ್ಕೆ ಇಳಿಸಿದೆ.

ಭಾನುವಾರದ ಸಂಬಳದ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತಮಿಳುನಾಡಿನ ಎಸ್ಟೇಟೊಂದರ ಹೆಣ್ಣಾಳಿಗೆ 1961ರ ಕಾಯ್ದೆಯಂತೆ 12 ವಾರಗಳ ಹೆರಿಗೆ ಭತ್ಯೆ ಸಿಗಬೇಕಿತ್ತು. ಭಾನುವಾರಕ್ಕೆ ಕೂಲಿಯೇ ಇಲ್ಲವಲ್ಲ ಎಂದು ಆಡಳಿತ 72 ದಿನದ ಲೆಕ್ಕ ಹಾಕಿ ಕೊಟ್ಟಿತು. ಹೆರಿಗೆಗೆ ಮುಂಚಿನ, ಬಾಣಂತನದ ದಿನಗಳಲ್ಲಿ ಭಾನುವಾರವನ್ನು ಕಳೆಯುವುದೆಂದರೆ ಅದೆಂಥ ಜುಗ್ಗತನ! ವಾರಕ್ಕೆ ಏಳೂ ದಿನ ಎಣಿಸಿ, 84 ದಿನಕ್ಕೆ ಕೊಡಬೇಕೆಂದು 1977ರಲ್ಲಿ ತೀರ್ಪಾಯಿತು.

ಕರ್ನಾಟಕದಲ್ಲಿ ಹಬ್ಬದ ರಜೆಗೆ 1963ರ ಬೇರೆಯೇ ಕಾಯ್ದೆಯಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಸಾಲಿನಲ್ಲಿ ನವೆಂಬರ್ 1 ಕೂಡ ಇದೆ, ಜೊತೆಗೆ ಐದು ಹಬ್ಬ. ರಾಜ್ಯೋತ್ಸವದ ದಿನ ಕೆಲಸಕ್ಕೆ ಕರೆದರೆ ದುಪ್ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಇನ್ನೊಂದು ದಿನ ಸಂಬಳಸಹಿತ ರಜೆ.