ಮನೆಶಾಲೆ ಮಕ್ಕಳ ಕಲಿಕಾ ಪ್ರವಾಸ

ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ಕಲಿಕೆಯ ಭಾಗವಾಗಿ ಕೈಗೊಳ್ಳುವ ಹೊರಸಂಚಾರ. ವಸ್ತುಸಂಗ್ರಹಾಲಯ, ಕೆರೆ, ಬಂಡೆ, ಕಾರ್ಖಾನೆ, ಹೊಲ, ಸಂತೆ, ಶಾಸನ ನಿಂತಿರುವ ಗುಡಿಯ ಅಂಗಳ ಎಲ್ಲವೂ ಇದರ ವ್ಯಾಪ್ತಿಗೆ ಸೇರುತ್ತವೆ. ಮನೆಶಾಲೆ, ಗೃಹಶಿಕ್ಷಣ ಎಂಬ ಮಾತುಗಳು ಬರಹದಲ್ಲಿ ಕಂಡರೂ ಆಡುಮಾತಿನಲ್ಲಿ ‘ಹೋಮ್‌ಸ್ಕೂಲಿಂಗ್’ ಎಂದೇ ರೂಢಿ. ಪ್ರವಾಸಕ್ಕೆ ಮಕ್ಕಳ ಬಾಯಲ್ಲಿರುವ ಹೆಸರು ‘ಟ್ರಿಪ್’.

ಶಾಲೆಯ ವಾರ್ಷಿಕ ಪ್ರವಾಸಕ್ಕೂ ಇದಕ್ಕೂ ಬಹಳ ಅಂತರವಿದೆ. ಡಿಸೆಂಬರ್ ಬಂತೆಂದರೆ ರಾತ್ರಿ ಬಸ್ಸು ಹತ್ತಿ, ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮುಗಿಸಿ, ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸಿ, ಪುಳಿಯೋಗರೆ ತಿಂದು ಮರಳುವುದು ಶಾಲೆಯ ಪದ್ಧತಿ. ಅದರ ಸುಖ ಸ್ನೇಹಿತರದು, ಕಿಟಕಿ ಪಕ್ಕದ ಸೀಟಿನದು; ಕಲಿಕೆ ಅಲ್ಲಿ ಹೆಸರಿಗಷ್ಟೇ. ಮನೆಶಾಲೆಯವರದು ಮಂಗಳವಾರವೋ ಬುಧವಾರವೋ ಜನಸಂದಣಿ ಇಲ್ಲದ ಹೊತ್ತಿಗೆ ಹೊರಡುವ ಸಣ್ಣ ಗುಂಪು. ಐದರ ಮಗುವೂ ಹದಿಮೂರರ ಹುಡುಗಿಯೂ ಅದರಲ್ಲಿ ಒಟ್ಟಿಗೆ ಇರುತ್ತಾರೆ. ಮುಖ್ಯವಾಗಿ, ಇಲ್ಲಿ ಪ್ರವಾಸವೆಂದರೆ ಪಾಠದಿಂದ ಸಿಕ್ಕ ಬಿಡುವಲ್ಲ. ಆ ದಿನದ ಪಾಠವೇ ಅದು.

ಈ ರೂಢಿಯ ಬೇರು ಹಳೆಯದು. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) 1886ರಲ್ಲಿ ಪ್ರಕಟಿಸಿದ ‘ಹೋಮ್ ಎಜುಕೇಷನ್’ನಲ್ಲಿ, ಹವೆ ಸಹಿಸುವಂತಿದ್ದರೆ ಎಳೆಯ ಮಕ್ಕಳು ದಿನಕ್ಕೆ ನಾಲ್ಕರಿಂದ ಆರು ಗಂಟೆ ಹೊರಗಿರಬೇಕು ಎಂದು ವಾದಿಸಿದರು. ಕಂಡ ಗಿಡ, ಹುಳು, ಹಕ್ಕಿಯನ್ನು ಮಗು ತಾನೇ ಬರೆದಿಡುವ ‘ನಿಸರ್ಗ ಪುಸ್ತಕ’ದ ಅಭ್ಯಾಸ ಅವರ ಪದ್ಧತಿಯಿಂದ ಬಂದದ್ದು, ಇಂದಿಗೂ ಅನೇಕ ಮನೆಶಾಲೆಗಳಲ್ಲಿ ಅದು ನಡೆಯುತ್ತಿದೆ. ಅಮೆರಿಕದಲ್ಲಿ ಜಾನ್ ಹೋಲ್ಟ್ (1923–1985) ಶಾಲೆಯ ಸುಧಾರಣೆಯಲ್ಲಿ ನಂಬಿಕೆ ಕಳೆದುಕೊಂಡು 1977ರಲ್ಲಿ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಎಂಬ ಪತ್ರಿಕೆ ಆರಂಭಿಸಿದರು. ದೊಡ್ಡವರು ನಿಜವಾಗಿ ದುಡಿಯುವ ಜಾಗಗಳಿಗೆ ಮಕ್ಕಳಿಗೆ ಪ್ರವೇಶ ಸಿಗಬೇಕೆಂಬುದು ಅವರ ವಾದಗಳಲ್ಲೊಂದು.

ಭಾರತದಲ್ಲಿ ಇದಕ್ಕೆ ಒಪ್ಪುವ ನಿದರ್ಶನ ರವೀಂದ್ರನಾಥ ಠಾಕೂರರ ಬಾಲ್ಯದಲ್ಲಿದೆ. ಶಾಲೆ ಒಗ್ಗದ ಹುಡುಗನನ್ನು ತಂದೆ ದೇವೇಂದ್ರನಾಥರು 1873ರಲ್ಲಿ ಬೋಲಪುರ, ಅಮೃತಸರ ದಾರಿಯಾಗಿ ಹಿಮಾಲಯದ ಡಾಲ್‌ಹೌಸಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಸಂಸ್ಕೃತ, ಇಂಗ್ಲಿಷ್ ಪಾಠ. ಇರುಳಲ್ಲಿ ನಕ್ಷತ್ರ ಪರಿಚಯ. ಅದಕ್ಕಿಂತ ಸೊಗಸಾದ ಸಂಗತಿಯೆಂದರೆ, ಚಿಲ್ಲರೆ ಹಣದ ಲೆಕ್ಕವನ್ನೂ ತಮ್ಮ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನೂ ಅವರು ಮಗನಿಗೆ ಒಪ್ಪಿಸಿದ್ದು. ಇಂದಿನ ತಂದೆತಾಯಿ ಮೊಬೈಲಿನ ನಕ್ಷೆಯನ್ನು ಮಗುವಿನ ಕೈಗೆ ಕೊಟ್ಟು ‘ದಾರಿ ನೀನೇ ಹೇಳು’ ಅನ್ನುವುದೂ ಇದೇ ಜಾಯಮಾನದ್ದು.

ಅಮೆರಿಕದಲ್ಲಿ ಮನೆಶಾಲೆ ಈಗ ದೊಡ್ಡ ಸಮುದಾಯ. ಅಲ್ಲಿನ ಸರ್ಕಾರಿ ಅಂದಾಜಿನಂತೆ 1999ರಲ್ಲಿ ಸುಮಾರು 8.5 ಲಕ್ಷ ಇದ್ದ ಮಕ್ಕಳ ಸಂಖ್ಯೆ 2016ಕ್ಕೆ ಸುಮಾರು 17 ಲಕ್ಷವಾಗಿತ್ತು. ಹೀಗಾಗಿ ವಸ್ತುಸಂಗ್ರಹಾಲಯಗಳು ಇವರಿಗೆಂದೇ ದಿನಗಳನ್ನು ಮೀಸಲಿಡುತ್ತವೆ. ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಇದಕ್ಕೆ ಹೆಸರಾದ ತಾಣ. ನಾಲ್ಕನೇ ತರಗತಿಯ ಮಕ್ಕಳ ಕುಟುಂಬಕ್ಕೆ ರಾಷ್ಟ್ರೀಯ ಉದ್ಯಾನಗಳಲ್ಲಿ ಉಚಿತ ಪ್ರವೇಶ ನೀಡುವ ಯೋಜನೆ 2015ರಲ್ಲಿ ಬಂದಾಗ, ಅದೇ ವಯಸ್ಸಿನ ಮನೆಶಾಲೆ ಮಕ್ಕಳನ್ನೂ ಸೇರಿಸಿಕೊಳ್ಳಲಾಯಿತು. ಜರ್ಮನಿಯಲ್ಲಾದರೋ ಶಾಲಾ ಹಾಜರಿಯೇ ಕಡ್ಡಾಯವಾದ್ದರಿಂದ ಮನೆಶಾಲೆಯ ಪ್ರಶ್ನೆಯೇ ಏಳುವುದಿಲ್ಲ.

ಭಾರತದಲ್ಲಿ ಮನೆಶಾಲೆಗೆಂದು ಪ್ರತ್ಯೇಕ ಕಾನೂನಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವಯಸ್ಸಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ಹೇಳುತ್ತದೆ. ಮನೆಶಾಲೆಯ ವಿಷಯ ಅದರಲ್ಲಿ ಸ್ಪಷ್ಟವಾಗಿ ಬರುವುದಿಲ್ಲ. ಪರೀಕ್ಷೆಗೆ ಕೂರಬೇಕೆನ್ನುವವರು ಸಾಮಾನ್ಯವಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು ಆಶ್ರಯಿಸುತ್ತಾರೆ. ಕರ್ನಾಟಕದಲ್ಲಿ ಇಂಥ ಕುಟುಂಬಗಳು ಎದ್ದು ಕಾಣುವುದು ಬೆಂಗಳೂರಿನಲ್ಲಿ, ಹಾಗಾಗಿ ಪ್ರವಾಸದ ನಕ್ಷೆಯೂ ಅಲ್ಲಿಂದಲೇ ಶುರುವಾಗುತ್ತದೆ.

ನಗರದ ಒಳಗೇ ಇರುವ ತಾಣಗಳಲ್ಲಿ ಲಾಲ್‌ಬಾಗಿನ ಬಂಡೆಗೆ ಸಮನಾದದ್ದು ಇನ್ನೊಂದಿಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ, 1889ರ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ ಎಲ್ಲರಿಗೂ ಗೊತ್ತು. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದೆ ಎಂಬುದು ಅದರ ಮೇಲೆ ಕೂತು ಕಡಲೆಕಾಯಿ ತಿನ್ನುವವರ ಗಮನಕ್ಕೆ ಬರುವುದು ಕಡಿಮೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಈ ಜಾತಿಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ನೈಸ್ ಎಂದರೆ ಪಟ್ಟೆಪಟ್ಟೆಯಾದ ಶಿಲೆ. ಬಿಳಿ, ಕಪ್ಪು ಗೆರೆಗಳು ಬಾಗಿ ಬಳುಕಿ ಹೋಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಮುನ್ನೂರು ಕೋಟಿ ಎನ್ನುವುದು ಮಗುವಿಗೂ ದೊಡ್ಡವರಿಗೂ ಬರೀ ಶಬ್ದ. ಅದನ್ನು ಕೈಗೆ ಎಟುಕಿಸಲು ಒಂದು ದಾರ ಸಾಕು. ಕೋಟಿ ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡರೆ ಬಂಡೆಯ ಆಯಸ್ಸು ಮೂರು ಮೀಟರ್ ದಾರ, ಹೂ ಮಾರುವವರ ಲೆಕ್ಕದಲ್ಲಿ ಆರೂವರೆ ಮೊಳದಷ್ಟು. ದಾರವನ್ನು ಬಂಡೆಯ ಮೇಲೆ ಹಾಸಿದರೆ ಡೈನೋಸಾರುಗಳು ಅಳಿದದ್ದು ಈಚಿನ ತುದಿಯಿಂದ ಆರೂವರೆ ಸೆಂಟಿಮೀಟರ್ ದೂರದಲ್ಲಿ. ನಮ್ಮ ಮನುಷ್ಯಜಾತಿಯ ಮೂರು ಲಕ್ಷ ವರ್ಷ ದಾರದ ತುದಿಯಲ್ಲೇ ಮುಗಿಯುತ್ತದೆ. ಕೆಂಪೇಗೌಡರಿಗೆ ಜಾಗವೇ ಸಿಗುವುದಿಲ್ಲ.

ಮುಂದಿನ ವಾರ ಮೈಸೂರು ದಿಕ್ಕಿನ ರೈಲು ಹತ್ತಿ ರಾಮನಗರದಲ್ಲಿ ಇಳಿದರೆ ಇದೇ ಪಾಠದ ಎರಡನೇ ಭಾಗ. ಬ್ರಿಟಿಷರ ಕಾಲದಲ್ಲಿ ಈ ಊರು ಕ್ಲೋಸ್‌ಪೇಟೆ. ಇಲ್ಲಿನ ಬೆಟ್ಟಗಳ ಶಿಲೆಗೆ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂಬ ಹೆಸರು ಉಳಿದುಬಂದಿದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಹಳೆಯ ನೈಸ್ ಶಿಲೆಯ ನಡುವೆ ಕೆಳಗಿನಿಂದ ನುಗ್ಗಿ ಬಂದು ತಣಿದು ಗಟ್ಟಿಯಾದದ್ದು. ಲಾಲ್‌ಬಾಗಿನ ಪಟ್ಟೆ ನೋಡಿ ಬಂದ ಮಗು ಇಲ್ಲಿ ನಸುಗೆಂಪು, ಬೂದುಬಣ್ಣದ ದಪ್ಪ ಹರಳುಗಳನ್ನು ನೋಡಿ ‘ಇದು ಬೇರೆ ಕಲ್ಲು’ ಅನ್ನುತ್ತದೆ. ಹೇಳಿಸಿಕೊಂಡು ಗೊತ್ತಾದದ್ದಲ್ಲ, ಕಂಡು ಗೊತ್ತಾದದ್ದು. ರಾಮದೇವರ ಬೆಟ್ಟದಲ್ಲಿ 2012ರಿಂದ ರಣಹದ್ದು ಅಭಯಧಾಮವಿದೆ. ಅಪ್ಪಂದಿರ ಆಸಕ್ತಿ ‘ಶೋಲೆ’ ಚಿತ್ರೀಕರಣವಾದ ಜಾಗ ಯಾವುದೆಂಬುದರ ಕಡೆ ಹೊರಳುವುದುಂಟು. ಅದಕ್ಕೂ ಅರ್ಧ ಗಂಟೆ ಇಟ್ಟುಕೊಳ್ಳುವುದು ಲೇಸು.

ರಾಮನಗರದ ನಿಜವಾದ ಆಕರ್ಷಣೆ ರೇಷ್ಮೆಗೂಡಿನ ಮಾರುಕಟ್ಟೆ. ಬೆಳಿಗ್ಗೆ ರೈತರು ತಂದ ಗೂಡು ರಾಶಿರಾಶಿಯಾಗಿ ಹರಡಿರುತ್ತದೆ. ದ್ವಿತಳಿ ಗೂಡು ಬೆಳ್ಳಗೆ, ಮಿಶ್ರತಳಿ ಹಳದಿ. ಪ್ರತಿ ರಾಶಿಗೂ ಲಾಟಿನ ಸಂಖ್ಯೆ. ನೂಲು ಬಿಚ್ಚುವ ರೀಲರುಗಳು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಹಿಸುಕಿ ನೋಡಿ, ಆಮೇಲೆ ಹರಾಜಿನಲ್ಲಿ ಬೆಲೆ ಕೂಗುತ್ತಿದ್ದ ಕಾಲ ಹೋಗಿ ಈಗ ಇ-ಹರಾಜು ಬಂದಿದೆ. ಕಿಲೋಗೆ ಹತ್ತು ರೂಪಾಯಿ ಏರಿದರೆ ಒಂದು ಲಾಟಿಗೆ ಎಷ್ಟು ಹೆಚ್ಚಾಯಿತು ಎಂಬ ಗುಣಾಕಾರ, ಪುಸ್ತಕದ ಲೆಕ್ಕ ಕಂಡರೆ ಓಡಿಹೋಗುವ ಮಕ್ಕಳ ಬಾಯಿಂದಲೂ ಇಲ್ಲಿ ತಾನಾಗಿ ಬರುತ್ತದೆ.

ಹುಳು ಸಾಕುವ ಮನೆಗೆ ಹೋಗಬೇಕೆಂದರೆ ಪರಿಚಯದ ರೈತರು ಬೇಕು. ಹೊರಗಿನವರ ಕಾಲಿನಲ್ಲಿ ರೋಗ ಬರುತ್ತದೆಂದು ಅವರು ಸುಲಭಕ್ಕೆ ಒಳಗೆ ಬಿಡುವುದಿಲ್ಲ, ಬಿಡದಿರುವುದೇ ಸರಿ. ಅವಕಾಶ ಸಿಕ್ಕರೆ ಅಲ್ಲಿನ ಮಾತು ಕೇಳಿಸಿಕೊಳ್ಳಬೇಕು. ಎಳೆಹುಳುವಿನ ಹಂತ ಚಾಕಿ. ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಪೊರೆ ಕಳಚುವ ಹೊತ್ತಿಗೆ ರೈತರು ಹೇಳುವುದು ‘ಜ್ವರ’. ಒಂದನೇ ಜ್ವರ, ಎರಡನೇ ಜ್ವರ ಎಂದು ನಾಲ್ಕು ಜ್ವರ ಕಳೆದು, ಸುಮಾರು 25 ದಿನಕ್ಕೆ ಹುಳು ‘ಹಣ್ಣಾಗುತ್ತದೆ’, ಚಂದ್ರಿಕೆ ಎಂಬ ತಟ್ಟಿ ಏರಿ ಗೂಡು ಕಟ್ಟುತ್ತದೆ. ಪಠ್ಯಪುಸ್ತಕದ ‘ರೂಪಪರಿವರ್ತನೆ’ಗಿಂತ ಜ್ವರ, ಹಣ್ಣು ಎಂಬ ಮಾತುಗಳು ಮಗುವಿನ ನೆನಪಿನಲ್ಲಿ ಬಲವಾಗಿ ಕೂರುತ್ತವೆ.

ಆಮೇಲೆ ನೂಲು ಬಿಚ್ಚಣಿಕೆಯ ಘಟಕ. ಬಾಗಿಲಿಗೆ ಬರುವ ಮೊದಲೇ ವಾಸನೆ ಹೇಳಿಬಿಡುತ್ತದೆ. ಒಂದು ಗೂಡಿನಲ್ಲಿ ಸಾವಿರ ಮೀಟರಿನಷ್ಟು ಎಳೆ ಇರಬಹುದು ಎಂದು ಬೆರಗಾಗುವ ಮಗು, ಬಿಸಿನೀರಿನಲ್ಲಿ ಬೇಯುತ್ತಿರುವುದು ಏನು ಎಂದು ತಿಳಿದ ಕೂಡಲೇ ಕೇಳುವ ಪ್ರಶ್ನೆಗೆ ಸಿದ್ಧ ಉತ್ತರ ಒಯ್ಯದಿರುವುದೇ ಒಳ್ಳೆಯದು. ಮದುವೆಯ ಸೀರೆ, ರೈತರ ಸಾಲ, ಕೋಶದೊಳಗಿನ ಜೀವ ಎಲ್ಲವೂ ಆ ಬೋಗುಣಿಯಲ್ಲೇ ಇದೆ.

ಉಳಿದ ತಾಣಗಳ ಪಟ್ಟಿ ದೊಡ್ಡದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇದೆ. ಜವಾಹರಲಾಲ್ ನೆಹರು ತಾರಾಲಯ 1989ರದು. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರದು. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಹಕ್ಕಿಗಳಿಗೆ. ಬೇಗೂರಿನ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಮೇಲೆ ಬೆಂಗಳೂರಿನ ಹೆಸರಿದೆ. ಕೆಂಪೇಗೌಡರಿಗಿಂತ ಆರು ಶತಮಾನ ಹಿಂದಿನ ಲಿಪಿಯಲ್ಲಿ ತನ್ನ ಊರಿನ ಹೆಸರು ಹುಡುಕುವ ಕೆಲಸಕ್ಕೆ ಇಡೀ ಬೆಳಗು ಸಾಲದು. ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಯನ್ನು ಪಟ್ಟಿಯಿಂದ ಬಿಡುವವರು ಸೇರು, ಪಾವುಗಳ ಅಳತೆ ಕಲಿಸುವ ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಾರೆ.

ಪಟ್ಟಿ ಉದ್ದವಿದೆಯೆಂದು ಎಲ್ಲ ಕಡೆ ಓಡಾಡುವುದು ಹೊಸದಾಗಿ ಮನೆಶಾಲೆಗೆ ಇಳಿದವರ ಸಾಮಾನ್ಯ ತಪ್ಪು. ಅಮೆರಿಕದ ಜಾನ್ ಫಾಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಜಾಗವೇ ಹೊಸದಾದಾಗ ಮಗುವಿನ ಗಮನ ಆ ಜಾಗಕ್ಕೆ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ, ಕಲಿಸಬೇಕೆಂದ ವಿಷಯ ಹಿಂದೆ ಬೀಳುತ್ತದೆ ಎಂದು ತೋರಿಸಿತು. ಶಾಲೆಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಅನುಕೂಲವಿಲ್ಲ, ಮನೆಶಾಲೆಗೆ ಇದೆ. ಅದೇ ಕೆರೆಗೆ ಮಳೆಗೂ ಬೇಸಿಗೆಗೂ ಹೋಗಿ, ಅದೇ ಹೊಂಗೆ ಮರ ಚಿಗುರಿದ ದಿನ, ಹೂ ಬಿಟ್ಟ ದಿನ ಬರೆದಿಟ್ಟ ಒಂದು ಪುಸ್ತಕ, ಹತ್ತು ಊರಿನ ಹತ್ತು ಟಿಕೆಟುಗಳಿಗಿಂತ ಬೆಲೆಯುಳ್ಳದ್ದು. ಮರಗಳ ಋತುಮಾನ ದಾಖಲಿಸುವ ‘ಸೀಸನ್‌ವಾಚ್’ನಂಥ ಯೋಜನೆಗೆ ಮಕ್ಕಳು ಈ ಮಾಹಿತಿಯನ್ನು ಕಳುಹಿಸಲೂಬಹುದು.

ತೊಡಕುಗಳೂ ಉಂಟು. ಶಾಲಾ ರಿಯಾಯಿತಿ ಕೇಳಿದರೆ ಕೌಂಟರಿನವರು ಮುಖ್ಯೋಪಾಧ್ಯಾಯರ ಪತ್ರ ಕೇಳುತ್ತಾರೆ. ‘ನಾನೇ ಮುಖ್ಯೋಪಾಧ್ಯಾಯಿನಿ’ ಎಂಬ ತಾಯಿಯ ಉತ್ತರ ನಿಜವೇ ಆದರೂ ಅದಕ್ಕೆ ಮೊಹರು ಇರುವುದಿಲ್ಲ. ಕಾರ್ಖಾನೆಗಳು ಕನಿಷ್ಠ ಇಷ್ಟು ಮಕ್ಕಳಿರಬೇಕು ಎನ್ನುವುದರಿಂದ ಹಲವು ಕುಟುಂಬಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೇರಿ, ಒಬ್ಬರು ಅನುಮತಿ ಪತ್ರ ಬರೆದು, ಇನ್ನೊಬ್ಬರು ವಾಹನ ಗೊತ್ತು ಮಾಡಿ ಹೊರಡುತ್ತಾರೆ. ಈ ಓಡಾಟದ ಹೊರೆ ಬಹುಪಾಲು ಅಮ್ಮಂದಿರ ಮೇಲೆ. ಪೋಷಕರೇ ತೊಡಕಾಗುವುದೂ ಉಂಟು: ದಾರಿಯುದ್ದಕ್ಕೂ ವಿವರಣೆ ಕೊಡುವ, ಮುಗಿಯುವ ಮೊದಲೇ ‘ಏನು ಕಲಿತೆ ಹೇಳು’ ಎಂದು ಕೇಳುವ ಪೋಷಕರು ಮನೆಗೇ ಶಾಲೆಯನ್ನು ಹೊತ್ತು ತಂದವರು.

ಇನ್ನೊಂದು ಟೀಕೆ ವರ್ಗದ್ದು. ವಾರದ ನಡುವೆ ಬಿಡುವಿರುವ, ಇಂಗ್ಲಿಷ್ ಪುಸ್ತಕ ಕೊಳ್ಳಬಲ್ಲ ಮನೆಗಳಿಗಷ್ಟೇ ಇದು ಸಾಧ್ಯ ಎಂಬ ಮಾತಿನಲ್ಲಿ ಸತ್ಯವಿದೆ. ನಗರದ ಮಗು ಪ್ರವಾಸ ಹೋಗಿ ನೋಡುವ ಹುಳುಮನೆ ರಾಮನಗರದ ಹಳ್ಳಿಯ ಮಗುವಿಗೆ ಮನೆಯ ಹಿಂಬದಿ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಎಷ್ಟು ಬೇಕೆಂದು ಆ ಮಗು ಬೆಳಿಗ್ಗೆ ಶಾಲೆಯ ಬಸ್ಸು ಹತ್ತುವ ಮುಂಚೆಯೇ ಬಲ್ಲದು. ಬಂದ ಗುಂಪಿನವರು ಪ್ರಶ್ನೆ ಕೇಳುವಾಗ ರೈತರು ಉತ್ತರಕ್ಕೆ ಆ ಮಗುವನ್ನೇ ಮುಂದೆ ಮಾಡುವುದುಂಟು.