ಮೊಸಳೆಯ ಬೆನ್ನಿನ ರೇಖೆ: ಯೋಲ್ಙು ಜನರ ತೊಗಟೆಚಿತ್ರಗಳು

ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರಗಳಲ್ಲಿ ಕಾಣುವ ರೇಖಾವಿನ್ಯಾಸಗಳು ನಿಸರ್ಗದ ಅನುಕರಣದಿಂದ ಹುಟ್ಟಿದುವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಸತ್ಯ. ಆ ಖಂಡದ ಉತ್ತರ ತೀರದಲ್ಲಿ, ಈಶಾನ್ಯ ಆರ್ನ್‌ಹೆಮ್ ಪ್ರದೇಶದಲ್ಲಿ ವಾಸಿಸುವ ಯೋಲ್ಙು ಜನರ ತೊಗಟೆಚಿತ್ರಗಳನ್ನು ಪರಿಶೀಲಿಸಿದರೆ ಇದು ವ್ಯಕ್ತವಾಗುವುದು.

ಈ ಜನರು ಮಳೆಗಾಲದಲ್ಲಿ ನೀಲಗಿರಿಜಾತಿಯ ಮರದ ತೊಗಟೆಯನ್ನು ಸುಲಿದು, ಬೆಂಕಿಯಲ್ಲಿ ಕಾಯಿಸಿ, ಭಾರವಿಟ್ಟು ಚಪ್ಪಟೆಮಾಡುವರು. ಕೆಮ್ಮಣ್ಣು, ಹಳದಿಮಣ್ಣು, ಬಿಳಿಜೇಡಿ, ಕಪ್ಪು—ಇವೇ ಅವರ ಮುಖ್ಯವಾದ ಬಣ್ಣಗಳು. ಮನುಷ್ಯರ ಕೂದಲಿನ ಕೆಲವೇ ಎಳೆಗಳಿಂದ ಮಾಡಿದ ಕುಂಚದಿಂದ, ಒಂದನ್ನೊಂದು ಅಡ್ಡಹಾಯುವ ಸೂಕ್ಷ್ಮರೇಖೆಗಳನ್ನು ಎಳೆಯುತ್ತ ಹೋದಂತೆ ಪಟವು ಮಿನುಗತೊಡಗುವುದು. ಈ ಮಿನುಗನ್ನು ಅವರು ‘ಬಿರ್‌ಯುನ್’ ಎನ್ನುವರು. ಅದು ಪೂರ್ವಜರ ಶಕ್ತಿಯ ಹೊಳಪೆಂದು ಅವರ ನಂಬಿಕೆ.

ಮಡರ್ಪ ಕುಲದವರ ವಜ್ರಾಕೃತಿಯನ್ನು ತೆಗೆದುಕೊಳ್ಳಬಹುದು. ಬಾರು ಎಂಬ ಮೊಸಳೆಯೇ ಆ ಕುಲದ ಪೂರ್ವಜ. ಅವನು ಬೆಂಕಿಯಲ್ಲಿ ಬೆಂದ ಬೆನ್ನಿನೊಡನೆ ಯಾತಿಕ್ಪ ಎಂಬಲ್ಲಿ ಕಡಲಿಗಿಳಿದನೆಂದೂ, ಆ ಸುಟ್ಟ ಗಾಯಗಳೇ ಮೊಸಳೆಯ ಬೆನ್ನಿನ ಒರಟು ಚರ್ಮವಾದುವೆಂದೂ ಐತಿಹ್ಯ. ಒಂದೇ ಆಕೃತಿಯು ಚರ್ಮವೂ ಹೌದು, ಜ್ವಾಲೆಯೂ ಹೌದು, ಆ ಕಡಲಿನ ನೀರೂ ಹೌದು. ಬಂಧುಕುಲವಾದ ಗುಮಾಚರಲ್ಲಿ ವಜ್ರಾಕೃತಿಯ ಜೋಡಣೆ ಸ್ವಲ್ಪ ಬೇರೆ. ಅಲ್ಲಿ ಬೆಂಕಿಯೊಡನೆ ಜೇನುಹುಟ್ಟಿನ ಕಣ್ಣುಗಳೂ ಸೇರುವುವು. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿರುವುದು ಉಪಮೆಯಲ್ಲ; ರೂಪಕವೆಂದರೂ ಸಾಲದು, ಏಕೆಂದರೆ ಆರೋಪಿಸಿದೆವೆಂಬ ಭಾವವೇ ಚಿತ್ರಕಾರನಿಗಿಲ್ಲ.

ಇಂತಹ ಆಕೃತಿಯು ಕುಲದ ಸ್ವತ್ತು. ಹಕ್ಕಿಲ್ಲದವರು ಅದನ್ನು ಬರೆಯಲಾಗದು. ಬೇರೆಡೆ ತಾಮ್ರಶಾಸನಕ್ಕೆ ಸಲ್ಲುವ ಸ್ಥಾನವು ಇಲ್ಲಿ ರೇಖೆಗೆ ಸಲ್ಲುತ್ತದೆ. 1963ರಲ್ಲಿ ಬಾಕ್ಸೈಟ್ ಗಣಿಗಾಗಿ ತಮ್ಮ ನೆಲವನ್ನು ಸರಕಾರವು ತೆಗೆದುಕೊಂಡಾಗ, ಯಿರ್ಕಲದ ಯೋಲ್ಙುಗಳು ಮನವಿಯ ಕಾಗದವನ್ನು ತೊಗಟೆಗೆ ಅಂಟಿಸಿ, ಸುತ್ತಲೂ ಕುಲಚಿತ್ರಗಳನ್ನು ಬರೆದು ಸಂಸತ್ತಿಗೆ ಕಳುಹಿಸಿದರು. ಗಣಿ ನಿಲ್ಲಲಿಲ್ಲ. 1971ರಲ್ಲಿ ನ್ಯಾಯಾಲಯವೂ ಅವರ ವಾದವನ್ನು ತಳ್ಳಿಹಾಕಿತು. ಭೂಮಿಯ ಹಕ್ಕು ಕಾನೂನಿನಿಂದ ದೊರೆತುದು 1976ರಲ್ಲಿ.

ಕಡಲಿನ ಪ್ರಶ್ನೆ ಉಳಿದಿತ್ತು. 1996ರಲ್ಲಿ ಬ್ಲೂ ಮಡ್ ಕೊಲ್ಲಿಯ ದಡದ ಪವಿತ್ರಸ್ಥಳವೊಂದರಲ್ಲಿ, ಅಪ್ಪಣೆಯಿಲ್ಲದೆ ಬೀಡುಬಿಟ್ಟಿದ್ದ ಮೀನುಗಾರರು ಕಡಿದು ಬಿಟ್ಟುಹೋದ ಮೊಸಳೆಯ ತಲೆಯೊಂದು ಸಿಕ್ಕಿತು. ಅದು ಯಾರ ತಲೆಯೆಂಬುದನ್ನು ಹೊರಗಿನವರಿಗೆ ತಿಳಿಸಲು 47 ಮಂದಿ ಚಿತ್ರಕಾರರು 80 ತೊಗಟೆಚಿತ್ರಗಳನ್ನು ಬರೆದರು. ಮಡರ್ಪ ಕುಲದ ಜಂಬವ ಮರವಿಲಿ ಅವರಲ್ಲಿ ಪ್ರಮುಖ. 2008ರ ಜುಲೈ 30ರಂದು ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯವು, ಆ ತೀರದ ಉಬ್ಬರವಿಳಿತದ ನೀರಿನೊಳಗೆ ಯೋಲ್ಙುಗಳ ಅನುಮತಿಯಿಲ್ಲದೆ ಮೀನುಗಾರರು ಬರಕೂಡದೆಂದು ತೀರ್ಪಿತ್ತಿತು. ಚಿತ್ರಗಳಿಂದಲೇ ವ್ಯಾಜ್ಯ ಗೆದ್ದಿತೆಂದರೆ ಅತ್ಯುಕ್ತಿಯಾದೀತು. ತೀರ್ಪು ನಿಂತುದು, 1976ರ ಕಾನೂನಿನಂತೆ ಕೊಟ್ಟ ಭೂಮಿ ಇಳಿತದ ಗೆರೆಯವರೆಗೂ ಇದೆಯೆಂಬುದರ ಮೇಲೆ. ಆ ಗೆರೆಯಿಂದಾಚೆಗೆ, ಬಾರುವಿನ ಬೆಂಕಿ ಇಂದಿಗೂ ಉರಿಯುತ್ತಿದೆಯೆಂದು ಯೋಲ್ಙುಗಳು ಹೇಳುವ ಆಳದ ಕಡಲು ಈ ಪ್ರತ್ಯೇಕ ಹಕ್ಕಿನ ಹೊರಗೇ ಉಳಿಯಿತು.